ಎರಡರ ಮಗ್ಗಿಯ ಮಣೆ

ಬಹಳ ಬಹಳ ಹಿಂದೆ, ಮರಗಳು ಮಾತಾಡುತ್ತಿದ್ದ ಕಾಲದಲ್ಲಿ, ಚಂಪಕಾವತಿ ಎಂಬ ರಾಜ್ಯವಿತ್ತು. ಅಲ್ಲಿ ಸಾತವ್ವ ಎಂಬ ಹೆಂಗಸು, ಅವಳಿಗೆ ಚೆಲುವಿ ಎಂಬ ಪುಟ್ಟ ಮಗಳು. ಆಕಾಶದ ಚುಕ್ಕಿಗಳನ್ನೇ ಗುಣಿಸಿ ಭಾಗಿಸಿ ಆಡುವ ಹುಡುಗಿ ಅದು!

ಆ ಊರಿನ ಶಾಲೆಯ ಗುರು ಭೃಂಗಾಸ್ಯ ಒಬ್ಬ ಮಾಂತ್ರಿಕ. ಅವನು ಪೀಠದ ಮೇಲಿಂದ ಎರಡರ ಮಗ್ಗಿ ಹೇಳಿಕೊಡುತ್ತಿದ್ದ, ಪುಟ್ಟ ಮಕ್ಕಳೆಲ್ಲ ಅವನ ಮಂತ್ರದ ಉದ್ದ ಮಣೆಯ ಮೇಲೆ ಕೂತು ಹಾಗೇ ಹೇಳಬೇಕು. ಮಗ್ಗಿ ಮುಗಿಯುವ ತನಕ ಮಣೆ ಯಾರನ್ನೂ ಬಿಡುತ್ತಿರಲಿಲ್ಲ. ಹೊಸದಾಗಿ ಕಲಿಯುವ ಮಕ್ಕಳಿಗೆ ಏನೂ ಆಗುತ್ತಿರಲಿಲ್ಲ. ಚೆಲುವಿ ಮಾತ್ರ ದಿನಕ್ಕೊಂದು ಬೆರಳಿನಷ್ಟು ಗಿಡ್ಡವಾಗುತ್ತಾ ಬಂದಳು. ಅವಳ ಲಂಗ ನೆಲ ಗುಡಿಸತೊಡಗಿತು.

"ಅವ್ವಾ, ನನಗೆ ಆಗಲೇ ಬರೋದನ್ನೇ ಹೇಳ್ತಾ ಕೂತರೆ ಆ ಮಣೆ ನನ್ನನ್ನ ಕುಗ್ಗಿಸ್ತದೆ," ಎಂದು ಅತ್ತಳು.

ಹೀಗೇ ಬಿಟ್ಟರೆ ಮಗಳು ಕಣ್ಣಿಗೇ ಕಾಣದಂತಾಗುತ್ತಾಳೆ! ಸಾತವ್ವ ಸೆರಗು ಬಿಗಿದು ಶಾಲೆಗೆ ಹೊರಟಳು.

ಮೊದಲ ಬಾಗಿಲಲ್ಲಿ ಹೆಡೆಯೆತ್ತಿದ ಸರ್ಪ. "ಪುಟ್ಟ ಮಕ್ಕಳಿಗೆ ಎರಡರ ಮಗ್ಗಿ. ಅದೇ ನಿಯಮ," ಎಂದಿತು.

"ನನ್ನ ಮಗಳಿಗೆ ಲೆಕ್ಕದ ಹಸಿವು. ಬಡಿಸೋ ತನಕ ನಾನು ಹೋಗಲ್ಲ," ಎಂದಳು ಸಾತವ್ವ. ಸರ್ಪ ಬುಸುಗುಟ್ಟಿ ಬುಸುಗುಟ್ಟಿ, ಸಾಕಾಗಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಹುಲಿ. "ಎಲ್ಲ ತಾಯಂದಿರೂ ತಮ್ಮ ಮಗುವೇ ಜಾಣೆ ಅಂತಾರೆ, ಹೋಗಮ್ಮ," ಎಂದು ನಕ್ಕಿತು. ಸಾತವ್ವನಿಗೆ ಅವಮಾನದಿಂದ ಕಣ್ಣು ತುಂಬಿತು. ಆದರೂ ಅದೇ ಮಾತು:

"ನನ್ನ ಮಗಳಿಗೆ ಲೆಕ್ಕದ ಹಸಿವು. ಬಡಿಸೋ ತನಕ ನಾನು ಹೋಗಲ್ಲ."

ಹುಲಿಯೂ ಆಕಳಿಸಿ ಪಕ್ಕಕ್ಕೆ ಸರಿಯಿತು.

ಮೂರನೆಯ ಬಾಗಿಲಲ್ಲಿ ಭೃಂಗಾಸ್ಯನೇ ನಿಂತಿದ್ದ. "ನನ್ನ ಮಣೆಯಲ್ಲಿ ಯಾವ ದೋಷವೂ ಇಲ್ಲ. ನಿನ್ನ ಮಗಳು ಸರಿಯಾಗಿ ಉಣ್ಣಲ್ಲ, ಅದಕ್ಕೇ ಕುಗ್ಗಿದ್ದಾಳೆ!" ಎಂದು ಮಕ್ಕಳೆದುರೇ ಗದರಿದ.

"ಹೌದಾ ಗುರುಗಳೇ? ಹಾಗಾದರೆ ಇವತ್ತು ಆ ಮಣೆ ಮೇಲೆ ನೀವೇ ಕೂತು ಹೇಳಿಕೊಡಿ. ದೋಷ ಇಲ್ಲವಲ್ಲ, ಭಯ ಯಾಕೆ?" ಎಂದಳು ಸಾತವ್ವ.

ಒಲ್ಲೆ ಅಂದರೆ ಗುಟ್ಟು ರಟ್ಟು. ಬೇಗ ಬೇಗ ಹೇಳಿ ಎದ್ದುಬಿಡೋಣ ಅಂತ ಭೃಂಗಾಸ್ಯ ಕೂತ.

"ಎರಡೊಂದ್ಲ ಎರಡು" ಅಂದ, ಮೊಣಕಾಲುದ್ದವಾದ. "ಎರಡೆರಡ್ಲ ನಾಲ್ಕು" ಅಂದ, ಗೇಣುದ್ದವಾದ. ಪಾಪ, ಮುನ್ನೂರು ವರ್ಷದಿಂದ ಅವನಿಗೆ ಅದು ಬಾಯಿಪಾಠ! ಮಗ್ಗಿ ಮುಗಿಯುವಷ್ಟರಲ್ಲಿ ಮಿಡತೆಯಾಗಿ ಕಿಟಕಿಯಿಂದ ಹಾರಿಹೋದ. ಮಣೆ ಎರಡು ಹೋಳಾಯಿತು, ಚೆಲುವಿ ಮೊದಲಿನಷ್ಟೇ ಎತ್ತರವಾದಳು.

ರಾಜನು ಶಾಲೆಗೆ ಹೊಸ ಅಕ್ಕೋರನ್ನು ಕಳಿಸಿದ. ಅವರು ಪಾಠಕ್ಕೆ ಮುಂಚೆ ಒಂದೊಂದೇ ಮಗುವನ್ನು ಕೂರಿಸಿಕೊಂಡು, "ನಿನಗೆ ಏನೇನು ಬರ್ತದೆ ಮರಿ?" ಅಂತ ಕೇಳುತ್ತಿದ್ದರು. ಅಲ್ಲಿಂದಾಚೆ ಆ ರಾಜ್ಯದ ಮಕ್ಕಳೆಲ್ಲ ಸುಖವಾಗಿ ಬೆಳೆದರು.

ಹೊಸ ಅಕ್ಕೋರು ಬಂದ ದಿನ ಸಂಜೆ ಚೆಲುವಿ ಓಡುತ್ತಾ ಮನೆಗೆ ಬಂದಳು.

"ಅವ್ವಾ, ಅವ್ವಾ! ಇವತ್ತು ಅಕ್ಕೋರು ಕೊಟ್ಟ ಲೆಕ್ಕ ನನಗೆ ಬರಲೇ ಇಲ್ಲ!" ಎಂದು ಕುಣಿದಾಡಿದಳು.

ಆ ಖುಷಿಗೆ ಸಾತವ್ವ ಊರಿಗೆಲ್ಲ ಹೋಳಿಗೆ ಹಂಚಿದಳು.