ಯಾರೂ ನೋಡದ ಎಡಗೈ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಭದ್ರಾವತಿಯ ಸಾಮಿಲ್ ಮಾಲೀಕ ವಿಶ್ವಾರಾಧ್ಯ ದೂರಿನ ಜೊತೆಗೆ ಕಳ್ಳಿಯನ್ನೂ ಠಾಣೆಗೆ ಎಳೆದು ತಂದಿದ್ದರು.

ಹಿಂದಿನ ದಿನ ಸವಳಂಗ ರಸ್ತೆಯ ಕಲ್ಯಾಣ ಮಂಟಪದಲ್ಲಿ ಅವರ ಮಗಳ ನಿಶ್ಚಿತಾರ್ಥ. ಬಾಡಿಗೆಗೆ ಕರೆಸಿದ್ದ ಜಾದೂಗಾರ ಅವರ ವಜ್ರದುಂಗುರ ಇಸಿದುಕೊಂಡು ಡಬ್ಬಿಗೆ ಹಾಕಿ, 'ಊಟ ಆದ್ಮೇಲೆ ತೆಗೀರಿ, ಎರಡಾಗಿರುತ್ತೆ' ಎಂದು ಟೇಬಲ್ ಮೇಲಿಟ್ಟು ಹೋಗಿದ್ದ. ತೆಗೆದರೆ ಖಾಲಿ. ಆ ಟೇಬಲ್ ಒರೆಸಿದವಳು ರಾಗಿಗುಡ್ಡದ ಹುಲಿಗೆಮ್ಮ.

"ಒರೆಸ್ದೆ ಕಣವ್ವ, ಅದೇ ನನ್ ಕೆಲ್ಸ. ಕಳ್ಳಿ ಅಂತ ಒಂದ್ಸಲ ಬರೆದ್ರೆ ಇನ್ಯಾವ ಮಂಟಪಕ್ಕೆ ಕರೀತಾರೆ?"

ಇನ್‌ಸ್ಪೆಕ್ಟರ್ ಬಿಂದುಶ್ರೀ ಎಫ್‌ಐಆರ್ ಹಾಕಿಸಿದರು. ಆರೋಪಿಯ ಹೆಸರಿನ ಜಾಗ ಖಾಲಿ ಬಿಡಿಸಿದರು.

"ಜಾದೂಗಾರನ ಮೇಲೆ ಅನುಮಾನ?" ಎಂದು ವಿಶ್ವಾರಾಧ್ಯರನ್ನು ಕೇಳಿದರು.

"ಛೆ! ಅಂಗೈ ಬಿಚ್ಚಿ ತೋರಿಸ್ದ ಮೇಡಂ."

"ಯಾವ ಅಂಗೈ?"

"ಕೈ ಅಂದ್ರೆ ಕೈ. ಅದನ್ನೆಲ್ಲ ಯಾರು ನೋಡ್ತಾರೆ?"

ಸಮಾರಂಭದ ವಿಡಿಯೊ ತರಿಸಿ ನೋಡಿದರು. ಜಾದೂಗಾರನ ಬಲಗೈ ಗಾಳಿಯಲ್ಲಿ ಕುಣಿಯಿತು, ಡಬ್ಬಿ ಮುಚ್ಚಿತು. ಎರಡನೇ ಸಲ ನೋಡುವಾಗ ಎಡಗೈ ಬಂದಲ್ಲೆಲ್ಲ ತನ್ನ ಕಣ್ಣು ತಾನಾಗಿ ಪಕ್ಕಕ್ಕೆ ಸರಿಯುವುದು ಬಿಂದುಶ್ರೀಗೆ ತಿಳಿಯಿತು. ಚಿತ್ರ ನಿಲ್ಲಿಸಿದರು. ಆ ಕೈಗೆ ತೋರುಬೆರಳು, ನಡುಬೆರಳು ಇರಲಿಲ್ಲ. ಉಳಿದ ಬೆರಳುಗಳ ಸಂದಿಯಲ್ಲಿ ಉಂಗುರ ಹೊಳೆಯುತ್ತಿತ್ತು.

"ಥೂ, ಪಾಪ ಅಂತ ನಾನೂ ಅತ್ಲಾಗೆ ನೋಡ್ಲಿಲ್ಲ ಮೇಡಂ," ಎಂದ ಕಾನ್‌ಸ್ಟೆಬಲ್ ದೇವರಾಜ್.

ಮಧ್ಯಾಹ್ನ ಭದ್ರಾವತಿಯ ಹಳೇನಗರದಲ್ಲಿ ಜಾದೂಗಾರ ನಾಗಯ್ಯನ ಮನೆ ಸಿಕ್ಕಿತು. ಉಂಗುರ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಪಂಚರನ್ನು ಕರೆಸಿ ಪಂಚನಾಮೆ ಮಾಡಿದರು.

"ಮಾರಲಿಲ್ವ?"

"ಮಾರೋಕೆ ತಂದಿದ್ದಲ್ಲ. ಅವ್ರ ಮಿಲ್ಲಲ್ಲೇ ಗರಗಸಕ್ಕೆ ಬೆರಳು ಹೋಗಿದ್ದು. ಹನ್ನೊಂದು ವರ್ಷ ದುಡಿದೋನು. ಉಂಗುರ ಕೈಗಿಡುವಾಗ ಗುರುತು ಹಿಡೀತಾರೇನೋ ಅಂದ್ಕೊಂಡೆ. ಹಿಡಿದಿದ್ರೆ ಅಲ್ಲೇ ವಾಪಸ್ ಕೊಡ್ತಿದ್ದೆ. 'ಬೇಗ ಮುಗಿಸಯ್ಯ' ಅಂದ್ರು."

"ಟೇಬಲ್ ಒರೆಸೋಳನ್ನ ಹಿಡಿದ್ರಲ್ಲ, ಗೊತ್ತಾ?"

ನಾಗಯ್ಯ ನೆಲ ನೋಡಿದ. "ಎಲ್ಲಾರ ಕಣ್ಣು ಅಂಥೋರ ಕಡೆಗೇ ಹೋಗುತ್ತೆ ಅಂತ ಗೊತ್ತಿತ್ತು ಮೇಡಂ. ಅದೂ ನನ್ ಆಟದಲ್ಲೇ ಇತ್ತು."

ಬಿಂದುಶ್ರೀ ಉಂಗುರವನ್ನು ಲಕೋಟೆಗೆ ಹಾಕಿ ಅವನನ್ನು ಜೀಪು ಹತ್ತಿಸಿದರು.

ಸಂಜೆ ಠಾಣೆಯಿಂದ ಹುಲಿಗೆಮ್ಮನನ್ನು ಮನೆಗೆ ಕಳಿಸಿದರು. ಅವಳ ಕ್ಷಮೆಯನ್ನು ಯಾರೂ ಕೇಳಲಿಲ್ಲ. ದೇವರಾಜ್ ನಾಗಯ್ಯನ ಬೆರಳಚ್ಚು ತೆಗೆದ. ಹತ್ತು ಖಾನೆಯ ಹಾಳೆಯಲ್ಲಿ ಎರಡು ಖಾಲಿ ಉಳಿದವು.

"ಕಾರಣ ಬರೀಬೇಕಲ್ಲ ಮೇಡಂ?"

"ಗರಗಸಕ್ಕೆ ಸಿಕ್ಕಿ ಹೋಗಿವೆ ಅಂತ ಬರಿ."

ದೇವರಾಜ್ ಬರೆದ. ಯಾರ ಗರಗಸ ಎಂದು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.