ತಿಥಿಯ ದಿನದ ರಂಗೋಲಿ

ಆಗಸ್ಟ್ ಐದು, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ತಮಿಳುನಾಡಿನ ತಿರುವೆಣ್ಕುಡಿ ಮಹಿಳಾ ಪೊಲೀಸ್ ಠಾಣೆಗೆ ಒಬ್ಬ ಟೀಚರ್ ಬಂದರು. ಹೆಸರು ಪೂಂಗೊಡಿ, ವಯಸ್ಸು ನಲವತ್ತೊಂಬತ್ತು, ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ. ಗಂಡ ತಿಲ್ಲೈನಾಯಗಂ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಮನೆಯಲ್ಲಿ ಇವರು ಮತ್ತು ಗಂಡನ ಅಕ್ಕ ವಡಿವಾಂಬಾಳ್, ಇಬ್ಬರೇ.

"ಮನೇಲಿ ಸಾಮಾನು ಜಾಗ ಬದಲಾಗ್ತಿದೆ ಮೇಡಂ."

ಇನ್ಸ್‌ಪೆಕ್ಟರ್ ಮಂಗೈಯರ್ಕರಸಿ ಪೆನ್ನು ಎತ್ತಿಕೊಂಡರು. "ಯಾರು ಬದಲಾಯಿಸ್ತಿದಾರೆ?"

"ಗೊತ್ತಿಲ್ಲ. ನಾನೇ ಇರಬಹುದು."

"ನೀವೇ ಆದ್ರೆ ದೂರು ಯಾರ ಮೇಲೆ ಬರ್ಕೊಳ್ಲಿ ಟೀಚರ್?"

ಟೀಚರ್ ಆದದ್ದನ್ನು ಒಂದೊಂದಾಗಿ ಹೇಳಿದರು. ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಕ್ಕಿತ್ತು. ಒಲೆಯ ಮೇಲೆ ಪಾತ್ರೆಯಿಲ್ಲದೆ ಗ್ಯಾಸ್ ಉರಿಯುತ್ತಿತ್ತು. ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಕೊಟ್ಟ ಆರ್ಡರ್ ಹಳೇ ಪೇಪರಿನ ಕಟ್ಟಿನೊಳಗೆ ಸೇರಿಕೊಂಡಿತ್ತು. ದೂರದ ಪರಮಕ್ಕುಡಿ ಕಡೆಯ ಶಾಲೆ, ಅಲ್ಲೇ ಹೋಗಿ ಇರಬೇಕು. ಹದಿನೆಂಟನೇ ತಾರೀಕು ಸೋಮವಾರದೊಳಗೆ ಹೋಗಿ ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು, ಇಲ್ಲದಿದ್ದರೆ ಹುದ್ದೆ ಪಟ್ಟಿಯಲ್ಲಿರುವ ಮುಂದಿನವರಿಗೆ. ಇಪ್ಪತ್ತಾರು ವರ್ಷ ಕಾದ ಹುದ್ದೆ.

"ಇಂಥ ತಲೆ ಇಟ್ಕೊಂಡು ಒಂದು ಶಾಲೆ ನಡೆಸೋಕೆ ಆಗುತ್ತಾ ಮೇಡಂ?" ಎಂದು ಕೇಳಿದರು. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದ್ದು.

ಹನ್ನೊಂದು ಗಂಟೆಗೆ ವಡಿವಾಂಬಾಳ್ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಬಂದರು. ಅರವತ್ತೆರಡು ವಯಸ್ಸು, ಹಣೆಯ ತುಂಬ ವಿಭೂತಿ, ಮಾತು ಜೇನು. ಠಾಣೆಯ ಐವರಿಗೂ ಕಾಫಿ ಬಗ್ಗಿಸಿಕೊಟ್ಟರು.

"ಇಲ್ಲಿದೀಯಾ ಕಣ್ಣೇ? ಊರೆಲ್ಲಾ ಹುಡುಕಿದೆ. ಏನೂ ತಪ್ಪು ತಿಳ್ಕೋಬೇಡಿ ಮೇಡಂ, ನನ್ನ ತಮ್ಮ ಹೋದಾಗಿನಿಂದ ಇವಳು ಹೀಗೇ. ನಾನಿದೀನಿ, ನೋಡ್ಕೋತೀನಿ."

ಟೀಚರ್ ತಲೆ ತಗ್ಗಿಸಿ, 'ನನ್ನ ಮರೆವಿನಿಂದ ಆದದ್ದು, ದೂರು ಹಿಂತೆಗೆದುಕೊಳ್ಳುತ್ತೇನೆ' ಎಂದು ಬರೆದುಕೊಟ್ಟು ಅತ್ತಿಗೆಯ ಹಿಂದೆ ನಡೆದರು. ಇನ್ಸ್‌ಪೆಕ್ಟರಿಗೂ ಅದೇ ಸರಿ ಅನ್ನಿಸಿತು. ಕಾಫಿ ಅಷ್ಟು ಚೆನ್ನಾಗಿತ್ತು! ಆಮೇಲೆ ಅದನ್ನು ನೆನೆಸಿಕೊಂಡಾಗಲೆಲ್ಲ ಅವರಿಗೆ ಮೈ ಉರಿಯುತ್ತಿತ್ತು.

ಆಗಸ್ಟ್ ಹನ್ನೊಂದು, ಒಂಬತ್ತು ನಲವತ್ತೈದಕ್ಕೆ ಟೀಚರ್ ಮತ್ತೆ ಬಂದರು. ಈ ಸಲ ದೂರು ಕೊಡಲಿಕ್ಕಲ್ಲ, ಕ್ಷಮೆ ಕೇಳಲಿಕ್ಕೆ.

"ಅವತ್ತು ನಿಮ್ಮ ಟೈಮ್ ಹಾಳು ಮಾಡಿದೆ. ನಂಗೆ ಕಾಯಿಲೆ ಅನ್ನೋದು ಈಗ ಗ್ಯಾರಂಟಿ ಆಯ್ತು. ಬಡ್ತಿ ಬೇಡ ಅಂತ ಪತ್ರ ಬರೆದಿದೀನಿ, ಶಿಕ್ಷಣಾಧಿಕಾರಿ ಆಫೀಸಿಗೆ ಹೊರಟಿದೀನಿ."

"ಏನಾಯ್ತು?"

"ಮೊನ್ನೆ ಶನಿವಾರ ನಮ್ಮ ಯಜಮಾನರ ತಿಥಿ. ನಾನು ಮರೆತು ಬಾಗಿಲಿಗೆ ರಂಗೋಲಿ ಹಾಕಿಬಿಟ್ಟೆ." "ಹಾಕಿದ್ದೂ ನೆನಪಿಲ್ಲ. ಏಳೋ ಹೊತ್ತಿಗೆ ಎಂಟು ಗಂಟೆ. ಬೀದಿಯೋರೆಲ್ಲ ನಿಂತಿದ್ರು. ಗಂಡನ ತಿಥಿ ಮರೆಯೋ ಹೆಂಗಸು ಇನ್ನೇನು ನೆನಪಿಟ್ಕೋತಾಳೆ?"

ಆ ರಂಗೋಲಿಯ ಚಿತ್ರವನ್ನು ಅತ್ತಿಗೆಯೇ ಫೋನಿನಲ್ಲಿ ತೆಗೆದು ಪೂಂಗೊಡಿಗೆ, ಪೂಂಗೊಡಿಯ ತಮ್ಮನಿಗೆ, ಶಾಲೆಯ ಇಬ್ಬರು ಟೀಚರುಗಳಿಗೆ ಕಳಿಸಿದ್ದರು. ಕೆಳಗೊಂದು ಸಾಲು: 'ಇವಳನ್ನು ಒಬ್ಬಳೇ ಹೇಗೆ ಕಳಿಸಲಿ, ನೀವೇ ಹೇಳಿ.'

ಫೋನು ಇನ್ಸ್‌ಪೆಕ್ಟರ್ ಕೈಯಿಂದ ಹೆಡ್ ಕಾನ್‌ಸ್ಟೆಬಲ್ ಪೇಚ್ಚಿಯಮ್ಮಾಳ್ ಕೈಗೆ ಹೋಯಿತು. ಪೇಚ್ಚಿಯಮ್ಮಾಳಿಗೆ ಐವತ್ತನಾಲ್ಕು, ತಿರುನೆಲ್ವೇಲಿ ಕಡೆಯ ಚುರುಕು ನಾಲಿಗೆ. ಚಿತ್ರವನ್ನು ಹಿಗ್ಗಿಸಿ ನೋಡಿದರು, ಇನ್ನೊಮ್ಮೆ ಹಿಗ್ಗಿಸಿದರು.

"ಟೀಚರಮ್ಮಾ, ದಿನಾ ರಂಗೋಲಿ ಹೇಗೆ ಹಾಕ್ತೀರಾ?"

"ಎಲ್ಲರ ಹಾಗೇ. ಜೋಡಿ ಗೆರೆ, ಸುತ್ತ ಕೆಮ್ಮಣ್ಣಿನ ಕಾವಿ."

"ಇದನ್ನ ನೋಡಿದ್ರಾ?"

"ಎಲ್ಲಿ ನೋಡ್ಲಿ? ನೀರು ಸುರಿದು ತೊಳೆದುಬಿಟ್ಟೆ. ಜನ ನೋಡ್ತಿದ್ರು. ಫೋಟೋ ತೆರೆದು ನೋಡೋಕೂ ಧೈರ್ಯ ಬರಲಿಲ್ಲ."

"ಈಗ ನೋಡಿ. ಒಂಟಿ ಗೆರೆ. ಕಾವಿ ಇಲ್ಲ."

ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. "ಅದರಿಂದ ಏನೀಗ?"

"ಬಾಗಿಲಿಗೆ ರಂಗೋಲಿ ಸ್ಟಿಕ್ಕರ್ ಅಂಟಿಸಿಕೊಳ್ಳೋ ನಿಮಗೆ ಏನು ಹೇಳ್ಲಿ ಅಮ್ಮಾ! ತಿಥಿ ದಿನ ಹೊಸಿಲಿಗೆ ರಂಗೋಲಿ ಇಲ್ಲ. ಮರೆತವಳು ಹಾಕ್ತಾಳೆ, ಒಪ್ಪಿದೆ. ಆದ್ರೆ ಮರೆತವಳು ದಿನಾ ಹಾಕೋ ಹಾಗೇ ಹಾಕ್ತಾಳಲ್ವಾ, ಜೋಡಿ ಗೆರೆಯಲ್ಲಿ? ಒಂಟಿ ಗೆರೆ ಎಳೆಯೋದು ಸಾವಿನ ಮನೇಲಿ, ಎಡೆ ಇಡೋ ಕಡೆ. ಇದನ್ನ ಎಳೆದ ಕೈಗೆ ಅವತ್ತು ಯಾವ ದಿನ ಅಂತ ಚೆನ್ನಾಗಿ ಗೊತ್ತಿತ್ತು."



ಪೂಂಗೊಡಿ ಫೋನನ್ನು ಕಣ್ಣಿನ ಹತ್ತಿರ ಹಿಡಿದುಕೊಂಡರು. "ಹಾಗಾದ್ರೆ ಯಾರು?" ಎಂದರು. ಆಮೇಲೆ ಅವರೇ, "ಇಲ್ಲ ಮೇಡಂ. ಅತ್ತಿಗೆ ಹಾಗೆ ಮಾಡೋರಲ್ಲ. ನನ್ನ ಬಟ್ಟೆ ಕೂಡ ಅವರೇ ಒಗೀತಾರೆ."

"ರಾತ್ರಿ ನಿದ್ದೆ ಹೇಗೆ?" ಇನ್ಸ್‌ಪೆಕ್ಟರ್ ಕೇಳಿದರು.

"ಸತ್ತ ಹಾಗೆ. ಆರ್ಡರ್ ಬಂದ ವಾರದಿಂದ ಹೀಗೆ. ಮೊದಲು ಐದಕ್ಕೆ ಏಳ್ತಿದ್ದೆ."

"ಮಲಗೋ ಮುಂಚೆ ಏನು ತಗೋತೀರಿ?"

"ಕಲ್ಲುಸಕ್ಕರೆ ಹಾಕಿದ ಹಾಲು. ಅತ್ತಿಗೆ ಕೊಡ್ತಾರೆ." ಹೇಳಿ ಮುಗಿಸಿದ ಮೇಲೆ ಅವರ ಮುಖ ಬಿಳುಚಿತು.

ಹನ್ನೆರಡೂವರೆಗೆ ಎಫ್‌ಐಆರ್ ದಾಖಲಾಯಿತು. ಅಮಲು ಪದಾರ್ಥ ಕೊಟ್ಟು ಹಾನಿ ಮಾಡಿದ ಕಲಂ. ಆರೋಪಿಯ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದೇ ಬರೆಯಬೇಕಾಯಿತು, ಟೀಚರ್ ಯಾರ ಹೆಸರನ್ನೂ ಹೇಳಲು ತಯಾರಿರಲಿಲ್ಲ. ಬಡ್ತಿ ಬೇಡ ಎಂದು ಬರೆದ ಪತ್ರವನ್ನು ಮಾತ್ರ ಇನ್ಸ್‌ಪೆಕ್ಟರ್ ಅವರ ಚೀಲದಿಂದ ತೆಗೆಸಿ ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಮಧ್ಯಾಹ್ನ ಡಿವೈಎಸ್‌ಪಿ ಫೋನು ಮಾಡಿ, "ರಂಗೋಲಿ ನೋಡಿ ಕೇಸ್ ಹಾಕೋ ಕಾಲ ಬಂತೇನಮ್ಮಾ?" ಎಂದು ನಕ್ಕರು. ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡು, "ಹೌದು ಸಾರ್" ಎಂದರು.

ಈಗ ಬೇಕಾಗಿದ್ದು ಒಂದು ಲೋಟ ಹಾಲು. ಕುಡಿದಂತೆ ಮಾಡಿ ಶಾಲೆಯ ನೀರಿನ ಬಾಟಲಿಗೆ ಸುರಿದು ತರಬೇಕು, ಅಷ್ಟೆ. ಹನ್ನೆರಡನೇ ತಾರೀಕು ಟೀಚರ್ ಬರಿಗೈಯಲ್ಲಿ ಬಂದರು.

"ಕುಡಿದುಬಿಟ್ಟೆ."

"ಯಾಕೆ?"

"ಎದುರಿಗೇ ನಿಂತಿದ್ರು. 'ನನ್ನ ಕೈ ಹಾಲೂ ಬೇಡವಾಯ್ತಾ' ಅಂದ್ರು. ಪಾಪ ಅನ್ನಿಸ್ತು."

ಹದಿಮೂರರಂದೂ ಅದೇ ಕತೆ. ಅವತ್ತು ವಡಿವಾಂಬಾಳ್ ಅತ್ತಿದ್ದರಂತೆ. ಇನ್ಸ್‌ಪೆಕ್ಟರ್ ಮೇಜಿಗೆ ಕೈ ಬಡಿದರು. "ಟೀಚರ್, ಅವರು ಅತ್ತಾಗಲೆಲ್ಲ ನೀವು ವಿಷ ಕುಡೀತೀರಾ? ಮಕ್ಕಳು ಅತ್ತರೆ ಲೆಕ್ಕ ತಪ್ಪಿದ್ದರೂ ಸರಿ ಗುರುತು ಹಾಕ್ತೀರಾ?"

"ಇಲ್ಲ" ಎಂದರು ಪೂಂಗೊಡಿ. "ತಪ್ಪಿದ್ದರೆ ತಪ್ಪೇ."

ಹದಿನಾಲ್ಕರ ಬೆಳಿಗ್ಗೆ ಎಂಟಕ್ಕೆ ಬಾಟಲಿ ಬಂತು. ತಲೆನೋವೆಂದು ಹೇಳಿ ಲೋಟವನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಿದ್ದರು. ಆ ಮನೆಯಲ್ಲಿ ಅವರು ಚಿಲಕ ಹಾಕಿದ್ದು ಅದೇ ಮೊದಲು. ಐದು ಗಂಟೆಗೆ ಎಚ್ಚರವಾಯಿತಂತೆ. ಕಣ್ಣು ನಿಚ್ಚಳವಾಗಿತ್ತು.

ಬಾಟಲಿಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿಂದ ಬಂದ ಉತ್ತರ ಇದು: ನಾಳೆ ಸ್ವಾತಂತ್ರ್ಯ ದಿನ, ನಾಡಿದ್ದು ಕೃಷ್ಣ ಜಯಂತಿ, ಆಚೆ ನಾಡಿದ್ದು ಭಾನುವಾರ. ವರದಿ ಸೋಮವಾರದ ಮೇಲೆ.

"ಸೋಮವಾರ ನಂಗೆ ಯಾತಕ್ಕೆ?" ಎಂದು ಇನ್ಸ್‌ಪೆಕ್ಟರ್ ಫೋನಿನಲ್ಲಿ ಕಿರುಚಿದರು. ಆಚೆ ಕಡೆಯವರು ಆಗಲೇ ಇಟ್ಟಿದ್ದರು. ಹೆಂಗಸು ಇನ್ನೂ ಅದೇ ಮನೆಯಲ್ಲಿ, ಪ್ರತಿ ಸಂಜೆ ಅದೇ ಲೋಟದ ಎದುರಿಗೆ. ಹಿಂದಿನ ರಾತ್ರಿಯ ತಲೆನೋವಿನ ನೆಪ ಎಷ್ಟು ದಿನ ನಡೆದೀತು? ಅಕ್ಕರೆಯ ಒಂದು ಮಾತು ಸಾಕು, ಮತ್ತೆ ಠಾಣೆಗೆ ಬಂದು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟಾರು. ಪೇಚ್ಚಿಯಮ್ಮಾಳ್ ದಿನವೂ ಸಂಜೆ ಗಣಿತದ ಸಂಶಯವಿದೆಯೆಂದು ಮಗಳನ್ನು ಕರೆದುಕೊಂಡು ಆ ಮನೆಗೆ ಹೋಗಿ ಹಾಲಿನ ಹೊತ್ತು ಮುಗಿಯುವವರೆಗೂ ಕೂತರು. ಮಗಳು ಓದುತ್ತಿದ್ದದ್ದು ನರ್ಸಿಂಗ್.

ಹದಿನಾರರಂದು ಸನ್ನಿಧಿ ಬೀದಿಯ ಔಷಧಿ ಅಂಗಡಿಯಲ್ಲಿ ದಾರಿ ಸಿಕ್ಕಿತು. ವಡಿವಾಂಬಾಳ್ ಹೆಸರಿನ ವೈದ್ಯರ ಚೀಟಿ, ನಿದ್ದೆ ಮಾತ್ರೆ. ಜುಲೈ ಕೊನೆಯಿಂದ ಮೂರು ಸಲ ಖರೀದಿ. ಪಕ್ಕದ ಹೂವಿನ ಅಂಗಡಿಯವಳು ಹೇಳಿದ್ದು: "ವಡಿವಕ್ಕಂಗೆ ನಿದ್ದೆ ಮಾತ್ರೆನಾ? ನಾಲ್ಕೂವರೆಗೆ ಎದ್ದು ಬೀದಿಯೋರನ್ನೆಲ್ಲ ಎಬ್ಬಿಸ್ತಾರಲ್ಲ!"

ಆಗಸ್ಟ್ ಹದಿನೇಳು, ಭಾನುವಾರ, ಬೆಳಿಗ್ಗೆ ಎಂಟೂವರೆ. ಹೂವಿನವಳನ್ನೂ ನಿವೃತ್ತ ಅಂಚೆಯವರೊಬ್ಬರನ್ನೂ ಪಂಚರನ್ನಾಗಿ ಕರೆದುಕೊಂಡು ಮನೆಯ ಶೋಧ. ಅಡುಗೆಮನೆಯಲ್ಲಿ ಏನೂ ಇಲ್ಲ. ಕಪಾಟಿನಲ್ಲಿ ಏನೂ ಇಲ್ಲ. ಒಂಬತ್ತೂಕಾಲಿಗೆ ಇನ್ಸ್‌ಪೆಕ್ಟರ್ ಸೋತು ಹಜಾರದ ಬೆಂಚಿನ ಮೇಲೆ ಕೂತರು. ವಡಿವಾಂಬಾಳ್ ಅವರಿಗೂ ಕಾಫಿ ಕೊಡಲು ಬಂದರು, ಬೇಡವೆಂದರು.

ಪೇಚ್ಚಿಯಮ್ಮಾಳ್ ಚಪ್ಪಲಿ ಬಿಟ್ಟು ದೇವರ ಗೂಡಿನ ಮುಂದೆ ನಿಂತರು. ಎರಡು ವಿಭೂತಿ ಡಬ್ಬಿಗಳಿದ್ದವು. ಎರಡನೆಯದನ್ನು ತೆರೆದು ಬೆರಳಿನಲ್ಲಿ ಉಜ್ಜಿದರು. ವಿಭೂತಿ ನುಣುಪು, ಇದು ತರಿತರಿ.

"ಇದೇನು?"

"ಕಾಣಲ್ವಾ? ವಿಭೂತಿ."

"ಹಾಗಾದ್ರೆ ಒಂದು ಚಿಟಿಕೆ ಬಾಯಿಗೆ ಹಾಕ್ಕೊಳ್ಳಿ ವಡಿವಕ್ಕಾ. ದಿನಾ ದೇವಸ್ಥಾನದಲ್ಲಿ ಹಾಕ್ಕೋತೀರಲ್ಲ."

ಇನ್ಸ್‌ಪೆಕ್ಟರ್ ತಡೆಯಲು ಎದ್ದರು. ಅಗತ್ಯ ಬೀಳಲಿಲ್ಲ. ವಡಿವಾಂಬಾಳ್ ಕೈ ಸೊಂಟದ ಸೆರಗಿನಿಂದ ಮೇಲೇಳಲೇ ಇಲ್ಲ. ಗೂಡಿನ ಹಿಂದೆ, ಪುಡಿ ಮಾಡಿದ ನಿದ್ದೆ ಮಾತ್ರೆಗಳ ಖಾಲಿ ಹಾಳೆಗಳು ಸಿಕ್ಕಿದವು. ಪಂಚನಾಮೆ ಬರೆದು ಸಹಿ ತೆಗೆದುಕೊಂಡಾಗ ಒಂಬತ್ತು ಐವತ್ತು. ಬಂಧನ ಎಂದು ಇನ್ಸ್‌ಪೆಕ್ಟರ್ ಹೇಳಿದರು.

ಆಗ ವಡಿವಾಂಬಾಳ್ ಪೊಲೀಸರ ಕಡೆ ತಿರುಗಲಿಲ್ಲ, ಪೂಂಗೊಡಿ ಕಡೆ ತಿರುಗಿದರು. ಅದೇ ಜೇನು ದನಿ.

"ಕಣ್ಣೇ, ಹೇಳು ಇವರಿಗೆ. ನಿದ್ದೆ ಬರ್ತಿಲ್ಲ ಅತ್ತಿಗೆ, ಏನಾದ್ರೂ ಕೊಡಿ ಅಂತ ನೀನೇ ಕೇಳಿದ್ದೆ. ನಿಂಗೆ ನೆನಪಿಲ್ಲ, ಅಷ್ಟೆ. ನಾನು ಹೋದ್ರೆ ನಿಂಗೆ ಯಾರಿದಾರೆ?"

ಪೂಂಗೊಡಿಯ ಹುಬ್ಬು ಗಂಟಿಕ್ಕಿತು. ನಿಜವಾಗಿಯೂ ನೆನಪಿಸಿಕೊಳ್ಳಲು ಹೊರಟಿದ್ದರು. ಮುಗೀತು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಎಂದುಕೊಂಡರು ಇನ್ಸ್‌ಪೆಕ್ಟರ್.

"ನೆನಪಿದೆ ಅತ್ತಿಗೆ" ಎಂದರು ಪೂಂಗೊಡಿ. "ನಾನು ಕೇಳಿಲ್ಲ."

ವಡಿವಾಂಬಾಳ್ ಇನ್ನೂ ಏನೋ ಹೇಳಲು ಬಾಯಿ ತೆರೆದರು. ಪೂಂಗೊಡಿ ಒಳಕ್ಕೆ ಹೋಗಿ ಬಟ್ಟೆ ಪೆಟ್ಟಿಗೆಗೆ ತುಂಬತೊಡಗಿದರು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ವಡಿವಾಂಬಾಳ್ ಅಳಲಿಲ್ಲ. ಕನ್ನಡಕ, ಗ್ಯಾಸ್, ಆರ್ಡರ್ ಎಲ್ಲ ತನ್ನದೇ ಕೆಲಸ, ಆದರೆ ಕೊಲ್ಲುವ ಮನಸ್ಸಿರಲಿಲ್ಲ ಎಂದರು. ಇಪ್ಪತ್ನಾಲ್ಕು ವರ್ಷದಿಂದ ಆ ಹೆಂಗಸಿಗೆ ಬೇಯಿಸಿ ಹಾಕಿದ್ದು, ಜಡೆ ಹಾಕಿದ್ದು, ತಮ್ಮ ಸತ್ತ ದಿನ ಹಿಡಿದುಕೊಂಡು ಕೂತದ್ದು ತಾನೇ. ಆರ್ಡರ್ ಬಂದ ಸಂಜೆ ಪೂಂಗೊಡಿ ನಕ್ಕಳಂತೆ, ಆರು ವರ್ಷದಲ್ಲಿ ಮೊದಲ ಸಲ. 'ಆ ನಗು ಈ ಮನೆಯಲ್ಲಿ ಹುಟ್ಟಿದ್ದಲ್ಲ. ಒಬ್ಬಳಿಗೇ ಎಂದು ಅಕ್ಕಿ ನಾನು ಯಾವತ್ತೂ ಅಳೆದಿಲ್ಲ. ಅವಳಿಗೆ ಸ್ವಲ್ಪ ಹುಷಾರಿಲ್ಲದಿದ್ದರೆ ಸಾಕಿತ್ತು.' ರಂಗೋಲಿ ಯಾಕೆ ಒಂಟಿ ಗೆರೆಯಲ್ಲಿ ಎಂದು ಇನ್ಸ್‌ಪೆಕ್ಟರ್ ಕೇಳಿದರು. "ನನ್ನ ತಮ್ಮನ ದಿನ ಅಲ್ವಾ" ಎಂದರು, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

ಇನ್ಸ್‌ಪೆಕ್ಟರ್ ಅದನ್ನೆಲ್ಲ ಬರೆದುಕೊಂಡರು. ಮಾತ್ರೆಗೆ ಕಲಂ ಇತ್ತು. ಒಬ್ಬಳ ತಲೆಯೊಳಗೆ ಕೈ ಹಾಕಿ ಅವಳದೇ ಮನಸ್ಸನ್ನು ಅವಳಿಗೆ ಸುಳ್ಳು ಮಾಡಿದ್ದಕ್ಕೆ ಏನೆಂದು ಬರೆಯಬೇಕೋ ಹೊಳೆಯಲಿಲ್ಲ, ಆ ಸಿಟ್ಟು ಅವರಿಗೆ ಇವತ್ತಿಗೂ ಇಳಿದಿಲ್ಲ.

ಹದಿನೆಂಟು, ಸೋಮವಾರ, ಹನ್ನೊಂದೂಕಾಲು. ಠಾಣೆಯ ಫೋನು ಬಡಿದುಕೊಂಡಿತು. ಪರಮಕ್ಕುಡಿ ಕಡೆಯಿಂದ ಪೂಂಗೊಡಿ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಮೇಡಂ, ಸಹಿ ಹಾಕಿದೆ. ಗುಮಾಸ್ತರಿಗೆ ತೋರಿಸಿದೆ, ಹಾಕಿದೀರಿ ಅಂದ್ರು. ವಿಜ್ಞಾನದ ಟೀಚರಿಗೂ ತೋರಿಸಿದೆ, ಅವರೂ ಇದೆ ಅಂದ್ರು."

"ನೀವು ನೋಡಿದ್ರಾ?"

ಆ ಕಡೆ ಹಾಜರಿ ಪುಸ್ತಕ ತೆರೆದ ಸದ್ದಾಯಿತು.

"ಇದೆ ಮೇಡಂ. ನನ್ನದೇ."

"ಅಷ್ಟು ಸಾಕು. ಇನ್ನು ಯಾರನ್ನೂ ಕೇಳ್ಬೇಡಿ" ಎಂದರು ಇನ್ಸ್‌ಪೆಕ್ಟರ್. "ನನ್ನನ್ನೂ."