ಗೇಟಿನ ಪಕ್ಕದ ಸಂಪಿಗೆ

"ಕೊಂದೇಬಿಟ್ಯಲ್ಲೇ ತಾಯಿ! ಬಾಯಿಲ್ಲದ ಗಿಡ ಅಂತ ಕೊಂದೇಬಿಟ್ಯಲ್ಲ...!"

ಗೇಟಿನ ಬಳಿಯಿಂದ ಹೊರಟ ಅತ್ತೆಯ ಕೂಗು ಇಡೀ ಮನೆ ದಾಟಿ, ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ಸೊಸೆಯ ಎದೆಗೇ ಬಡಿಯಿತು. ಒದ್ದೆ ಕೈಯಲ್ಲೇ ಓಡಿಬಂದಳು. ಸಂಪಿಗೆ ಸಸಿ ಜೋತುಬಿದ್ದಿತ್ತು. ಕೆಲವು ದಿನಗಳಿಂದ ಹಳದಿಯಾಗುತ್ತಿದ್ದ ಎಲೆಗಳಲ್ಲಿ ಅರ್ಧಕ್ಕರ್ಧ ನೆಲದ ಮೇಲಿದ್ದವು. ಅವಳ ಜೀವ ಬಾಯಿಗೆ ಬಂತು. ಅಯ್ಯೋ, ಅದು ಬರೀ ಗಿಡವಾಗಿದ್ದರೆ ಇಷ್ಟು ಸಂಕಟವಿರುತ್ತಿತ್ತೇ!

ಮನೆಗೆ ಅಂಟಿಕೊಂಡೇ ಅತ್ತೆಯ ನರ್ಸರಿ. ಬೀದಿಯವರು ಅವರಿಗಿಟ್ಟ ಹೆಸರು ಗುಡುಗಮ್ಮ. "ಮೂರಡಿ ಜಾಗಕ್ಕೆ ಆಲದ ಮರ ಬೇಕಂತೆ! ಮನೆಗೆ ಗೋಡೆ ಬೇಡ್ವಾ ನಿಮಗೆ?" ಎಂದು ಗಿರಾಕಿಗಳನ್ನು ಗದರುತ್ತಿದ್ದರು, ಗಿರಾಕಿಗಳೂ ನಗುತ್ತಲೇ ಬೈಸಿಕೊಂಡು, ಅವರು ಹೇಳಿದ ಗಿಡವನ್ನೇ ಒಯ್ಯುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಸೊಸೆಗೆ ಆ ಹಸಿರು ಪರದೆಯ ನೆರಳಲ್ಲಿ ಕೂತು ಸಸಿಗಳ ಕುಂಡ ಬದಲಿಸುವ ಆಸೆ. ಆದರೆ ಅತ್ತೆ ಕೆಲಸಕ್ಕೆ ಯಾರನ್ನೂ ಒಳಗೆ ಬಿಟ್ಟವರಲ್ಲ. ಕೇಳಿ ಕೇಳಿ ಸಾಕಾದಾಗ ಒಂದು ಷರತ್ತು ಹಾಕಿದ್ದರು: "ಗೇಟಿನ ಪಕ್ಕಕ್ಕೆ ಒಂದು ಗಿಡ ನೀನೇ ಆರಿಸಿ ನೆಡು. ಚಿಗುರಿದ ದಿನ ನರ್ಸರಿಗೆ ಬಾ. ಸತ್ತರೆ ನಿನಗೆ ಅಡುಗೆಮನೆ, ನನಗೆ ನರ್ಸರಿ. ಮತ್ತೆ ಆ ಮಾತೆತ್ತಬಾರದು!"

"ಒಂದು ಚೆಂಬು ನೀರು ಹಾಕೋಕೂ ಕೈ ಬರ್ಲಿಲ್ವಾ ನಿನಗೆ?" ಅತ್ತೆಯ ಸ್ವರ ಏರಿತು.

"ಇಲ್ಲ ಅತ್ತೆ... ದಿನ ಬಿಟ್ಟು ದಿನ ತಪ್ಪದೇ ಹಾಕಿದೀನಿ..." ಅಳು ತಡೆದುಕೊಂಡು ಅವಳು ಮಂಡಿಯೂರಿದಳು. ಬುಡಕ್ಕೆ ದಪ್ಪನಾಗಿ ಹೊದಿಸಿದ್ದ ಒಣ ಹುಲ್ಲನ್ನು ಸರಿಸಿ ಮಣ್ಣಿಗೆ ಬೆರಳಿಟ್ಟಳು. ಬೆರಳು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಎತ್ತಿದರೆ ಕಪ್ಪು ಕೆಸರು, ಗಬ್ಬು ವಾಸನೆ!

"ಅತ್ತೆ, ಇದು ಬಾಯಾರಿ ಸಾಯ್ತಿಲ್ಲ. ಮುಳುಗಿ ಸಾಯ್ತಿದೆ! ಬೇರು ಕೊಳೆತಿದೆ. ನಾನು ಹಾಕಿದ್ದಕ್ಕೆ ಇಷ್ಟು ಕೆಸರಾಗಲ್ಲ. ಬೇರೆ ಯಾರೋ..."

ಗಲಾಟೆ ಕೇಳಿ ಮನೆಯವರೆಲ್ಲ ಹೊರಬಂದಿದ್ದರು. ಗಂಡ ತಲೆ ಕೆರೆದುಕೊಂಡ. "ಅದು... ಎಲೆ ಬಾಡಿದ್ದು ನೋಡಿ ಪಾಪ ಅನ್ನಿಸ್ತು. ಕೆಲಸಕ್ಕೆ ಹೋಗೋ ಮುಂಚೆ ದಿನಾ ಒಂದು ಬಕೆಟ್ ಹಾಕ್ತಿದ್ದೆ."

"ಅಯ್ಯೋ ಅಣ್ಣಾ, ನೀನೂನಾ?" ನಾದಿನಿ ಬಾಯಿಗೆ ಕೈ ಇಟ್ಟಳು. "ಅತ್ತಿಗೆ ಸೋತ್ಬಿಡ್ತಾರೇನೋ ಅಂತ ನಾನು ಸಂಜೆ ಪೈಪೇ ಬಿಡ್ತಿದ್ದೆ!"

ಮಾವ ಕೆಮ್ಮಿದರು. "ನನ್ನದೂ ಒಂದೆರಡು ಚೆಂಬು ಇದೆಯಮ್ಮ. ಆದ್ರೆ ಇನ್ನೊಬ್ಬರು ಬಾಯಿ ಬಿಟ್ಟಿಲ್ಲ. ಮಧ್ಯಾಹ್ನ ನಾವೆಲ್ಲ ಮಲಗಿದ ಮೇಲೆ ಬಕೆಟ್ ಹಿಡ್ಕೊಂಡು ಬೆಕ್ಕಿನ ಹಾಗೆ ಹೋಗೋರು. ಏನೇ, ನಾನು ಹೇಳ್ಲಾ, ನೀನೇ ಹೇಳ್ತೀಯಾ?"

ಎಲ್ಲರೂ ಅತ್ತೆಯತ್ತ ತಿರುಗಿದರು. ಅವರ ಮುಖ ಕೆಂಪೇರಿತು.

"ಹೌದು ಕಣ್ರೀ, ಹಾಕ್ದೆ! ಏನೀಗ? ಬಂದೋರಿಗೆಲ್ಲ ಬೆರಳಿಟ್ಟು ನೋಡಿ ನೀರು ಹಾಕಿ ಅಂತ ಬೈಯೋಳು ನಾನು... ನಾನೇ ಬೆರಳಿಡಲಿಲ್ಲ! ಆ ಎಲೆ ಜೋತು ಬಿದ್ದಿದ್ದು ಕಂಡ್ರೆ ಕೈಕಾಲೇ ಆಡ್ತಿರಲಿಲ್ಲ. ಷರತ್ತು ಹಾಕಿದ ಬಾಯಲ್ಲಿ ಬಾ ಅಂತ ಹೇಗೆ ಕರೀಲಿ? ಗಿಡ ಸತ್ತರೆ ಇವಳೂ ಬರೋಳಲ್ಲ, ನಾನೂ ಕರೆಯೋಳಲ್ಲ... ಸಾಯೋವರೆಗೂ ನರ್ಸರೀಲಿ ನಾನೊಬ್ಬಳೇ ಕೂತಿರ್ಬೇಕಾಗಿತ್ತಲ್ಲ!" ಗುಡುಗಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಆ ಮನೆಯಲ್ಲಿ ಯಾರೂ ಅದನ್ನು ಕಂಡವರಲ್ಲ. ಸೊಸೆಗಂತೂ ಇಷ್ಟು ದಿನ ತಿಂದ ಬೈಗುಳವೆಲ್ಲ ಆ ಕ್ಷಣಕ್ಕೆ ಮರೆತೇಹೋಯಿತು.

"ತಪ್ಪು ನನ್ನದೂ ಇದೆ ಅತ್ತೆ," ಎಂದಳು ಮೆಲ್ಲಗೆ. "ಈ ಜಾಗ ತಗ್ಗು. ಅಂಗಳದ ನೀರೆಲ್ಲ ಬಂದು ನಿಲ್ಲೋದು ಇಲ್ಲೇ. ಸಂಪಿಗೆಗೆ ನೀರು ನಿಂತ್ರೆ ಆಗಲ್ಲ. ಹೂವಿನ ಆಸೆಗೆ ಗಿಡ ಆರಿಸ್ದೆ, ಜಾಗ ನೋಡ್ಲಿಲ್ಲ. ನಾನು ಸೋತೆ."

ಅತ್ತೆ ಅವಳನ್ನೇ ದಿಟ್ಟಿಸಿ ನೋಡಿದರು. "ಸೋಲು ಗೆಲುವು ಆಮೇಲೆ. ಹಾರೆ ತಾ ಮೊದ್ಲು!"

ಇಬ್ಬರೂ ಸೇರಿ ಸಸಿಯನ್ನು ಬೇರುಸಮೇತ ಎತ್ತಿದರು. ಕೊಳೆತು ಕಪ್ಪಾದ ಬೇರುಗಳನ್ನು ಅತ್ತೆ ಕತ್ತರಿಯಿಂದ ತೆಗೆಯುತ್ತ ಹೋದರು. ಒಳಗೆಲ್ಲೋ ನಾಲ್ಕೈದು ಬಿಳಿ ಬೇರು ಕಂಡಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು. ಕಾಂಪೌಂಡಿನ ಎತ್ತರದ ಮೂಲೆಯಲ್ಲಿ ಮರಳು ಬೆರೆಸಿದ ಮಣ್ಣನ್ನು ದಿಬ್ಬ ಮಾಡಿ, ಅದರ ಮೇಲೆ ನೆಟ್ಟು, ಕೋಲು ಕಟ್ಟಿದರು. ಉಳಿದವರಿಗೆ ಹತ್ತಿರ ಸುಳಿಯುವ ಧೈರ್ಯ ಬರಲಿಲ್ಲ.

"ಇದು ಚಿಗುರುತ್ತೋ ಇಲ್ವೋ, ದೇವರಿಗೇ ಗೊತ್ತು," ಅತ್ತೆ ಗಂಟು ಬಿಗಿಯುತ್ತ ಅಂದರು. "ಅದು ಚಿಗುರೋದಕ್ಕೂ ನೀನು ಬರೋದಕ್ಕೂ ಇನ್ಮೇಲೆ ಸಂಬಂಧ ಇಲ್ಲ. ನಾಳೆ ಬೆಳಿಗ್ಗೆ ನನ್ನ ಜೊತೆ ನರ್ಸರಿಗೆ ಬರ್ತಿದ್ದೀಯ, ಅಷ್ಟೇ."

ಸಸಿಯ ಮೇಲೆ ಬಾಗಿದ್ದ ಸೊಸೆಯ ಕಣ್ಣಿಂದ ನೀರು ದಳದಳನೆ ಇಳಿಯಿತು. ಅತ್ತೆ ಗಾಬರಿಯಿಂದ ಅವಳ ಭುಜ ಹಿಡಿದು ಆಚೆಗೆಳೆದರು.

"ಅಳೋದಾದ್ರೆ ಆ ಕಡೆ ತಿರುಗಿ ಅಳೇ! ಈ ಗಿಡಕ್ಕೆ ಇನ್ನೊಂದು ತೊಟ್ಟು ನೀರು ಬಿದ್ರೂ ನಾನು ಸುಮ್ನಿರಲ್ಲ!"

ಹಾಗೆ ಗದರಿ, ತಾವೂ ಆ ಕಡೆಗೇ ತಿರುಗಿಕೊಂಡರು.